ಏಳನೇ ಮಹಡಿಯ ಮನೆಮಗಳು

ಮನೆಯವರು ಸೈನ್ಯದಿಂದ ನಿವೃತ್ತರಾದ ಮೇಲೆ ಮಡಿಕೇರಿಗೆ ಹಿಂತಿರುಗುವುದೆಂದು ಮಾತಾಗಿತ್ತು. ಮಗಳ ಓದು, ಅವರ ಮೊಣಕಾಲಿಗೆ ಸೇನಾ ಆಸ್ಪತ್ರೆ, ಹೀಗೆ ಒಂದೊಂದೇ ನೆಪ ಸೇರಿಕೊಂಡು ಹನ್ನೊಂದು ವರ್ಷ ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ಈ ಅಪಾರ್ಟ್‌ಮೆಂಟ್ ಸೊಸೈಟಿಯ ಐದನೇ ಮಹಡಿಯಲ್ಲೇ ಕಳೆದುಹೋಯಿತು. ನಾನು ಮೊದಲು ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಕನ್ನಡ ತೆಗೆದುಕೊಳ್ಳುವ ಮಕ್ಕಳು ವರ್ಷ ವರ್ಷವೂ ಕಡಿಮೆಯಾಗುತ್ತಾ ಬಂದು ಕೊನೆಗೆ ತರಗತಿಯಲ್ಲಿ ನಾನು ಮತ್ತು ಒಬ್ಬಳೇ ಹುಡುಗಿ ಉಳಿದೆವು. ಅವಳ ಅಪ್ಪನಿಗೂ ಫರೀದಾಬಾದಿಗೆ ವರ್ಗವಾಯಿತು. ಆಮೇಲೆ ಮನೆಯಲ್ಲೇ ಕೂತು ಅನುವಾದದ ಕೆಲಸ ಹಿಡಿದೆ.

ನನಗೆ ಕೆಲಸ ಕಳಿಸುತ್ತಿದ್ದದ್ದು ಒಂದು ಏಜೆನ್ಸಿ. ಅದಕ್ಕೆ ಕಳಿಸುತ್ತಿದ್ದದ್ದು ಜಗತ್ತಿನ ಅರ್ಧ ಜನ ಬೆಳಿಗ್ಗೆ ಎದ್ದು ಮೊದಲು ಮುಖ ನೋಡುವ ಒಂದು ಸಾಮಾಜಿಕ ಜಾಲತಾಣ. ಅದರ ಹೆಸರು ಹೇಳುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೇನೆ. ಅದರ ಗುಂಡಿಗಳು, ಎಚ್ಚರಿಕೆಗಳು, ನಿಯಮಗಳು, ಕ್ಷಮಾಪಣೆಗಳು ಎಲ್ಲವನ್ನೂ ಕನ್ನಡಕ್ಕೆ ತರುವುದು ನನ್ನ ಪಾಲಿನ ಕೆಲಸ. ಮೊದಲು ಯಂತ್ರ ಅನುವಾದ ಮಾಡುತ್ತಿತ್ತು, ನಾನು ಅದನ್ನು ತಿದ್ದುತ್ತಿದ್ದೆ, ನಾನು ತಿದ್ದಿದ್ದನ್ನು ಬೆಂಗಳೂರಿನಲ್ಲಿದ್ದ ಒಬ್ಬ ಪರಿಶೀಲಕ ಮತ್ತೆ ತಿದ್ದುತ್ತಿದ್ದ. ಅವನ ಮುಖ ನಾನು ನೋಡಿದ್ದಿಲ್ಲ. ಕೆಂಪು ಅಕ್ಷರದ ಟಿಪ್ಪಣಿಗಳಷ್ಟೇ ಪರಿಚಯ.

ಎರಡು ವರ್ಷದ ಹಿಂದೆ ಮಾನವ ಶೋಷಣೆಯ ಬಗೆಗಿನ ನಿಯಮಾವಳಿ ಬಂತು. ಅದರಲ್ಲಿ ಮನೆಗೆಲಸದವರ ಬಗ್ಗೆಯೇ ಒಂದು ಭಾಗ. ಇಂಗ್ಲಿಷಿನಲ್ಲಿ ಇದ್ದದ್ದು ‘ಡೊಮೆಸ್ಟಿಕ್ ಸರ್ವಿಟ್ಯೂಡ್’. ಯಂತ್ರ ಅದನ್ನು ‘ದೇಶೀಯ ಗುಲಾಮಗಿರಿ’ ಎಂದು ಮಾಡಿಟ್ಟಿತ್ತು. ಒಂದು ರೀತಿಯಲ್ಲಿ ಅದೂ ಸರಿಯೇ ಅನ್ನಿಸಿ ಸ್ವಲ್ಪ ಹೊತ್ತು ಹಾಗೆಯೇ ನೋಡುತ್ತ ಕೂತಿದ್ದೆ. ಆಮೇಲೆ ಅಳಿಸಿ ‘ಮನೆಗೆಲಸದ ಜೀತ’ ಎಂದು ಬರೆದೆ. ಮರುದಿನ ಕೆಂಪು ಟಿಪ್ಪಣಿ ಬಂತು: ‘ಜೀತ ಪದ ಬಹಳ ತೀಕ್ಷ್ಣ. ನಮ್ಮ ಧ್ವನಿ ಸ್ನೇಹಪರವಾಗಿರಬೇಕು.’ ಮೂರು ಸಲ ವಾದ ಮಾಡಿದೆ, ನಾಲ್ಕನೇ ಸಲ ಒಪ್ಪಿಕೊಂಡೆ. ‘ಗೃಹ ಅಧೀನತೆ’ ಎಂದಾಯಿತು. ಗೃಹವೂ ಸ್ನೇಹಪರ, ಅಧೀನತೆಯೂ ಸ್ನೇಹಪರ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದೇ ನಿಯಮಾವಳಿಯ ಪರಿಷ್ಕೃತ ಪ್ರತಿಯನ್ನು ತಿದ್ದುತ್ತಿದ್ದೆ. ನಮ್ಮ ಮನೆಗೆ ಝಾಡೂ-ಪೋಂಛಾ, ಅಂದರೆ ಗುಡಿಸಿ ಒರೆಸಲು, ಮತ್ತು ಪಾತ್ರೆಗೆ ಬರುವ ಹೆಂಗಸು ನೆಲ ಒರೆಸುತ್ತ ಮೇಜಿನ ಹತ್ತಿರ ಬಂದಳು. ಅವಳಿಗೆ ನಲವತ್ತು ದಾಟಿರಬಹುದು. ಝಾರ್ಖಂಡದ ಕಡೆಯವಳು. ನಮ್ಮ ಟವರಿನಲ್ಲೇ ನಾಲ್ಕು ಮನೆ ಮಾಡುತ್ತಿದ್ದಳು, ನಮ್ಮಲ್ಲಿಗೆ ಬರಲು ಶುರುಮಾಡಿ ಆರು ವರ್ಷವಾಗಿತ್ತು.

“ಕಾಲೆತ್ತಿ ದೀದಿ,” ಎಂದು ಹಿಂದಿಯಲ್ಲಿ ಹೇಳಿ, “ಏನು ಬರೀತೀರಿ ದಿನಾ ಇಷ್ಟೊಂದು?” ಎಂದು ಕೇಳಿದಳು.

“ನಿಮ್ಮ ವಿಷಯಾನೇ,” ಎಂದೆ. ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಶೋಷಣೆಯ ಲಕ್ಷಣಗಳೆಂದು ಕೊಟ್ಟಿದ್ದ ಪಟ್ಟಿಯನ್ನು ಅವಳಿಗೆ ಹಿಂದಿಯಲ್ಲಿ ಓದಿ ಹೇಳಿದೆ. ಫೋನ್ ಕಿತ್ತಿಟ್ಟುಕೊಳ್ಳುವುದು. ಗುರುತಿನ ಚೀಟಿ ತಮ್ಮ ಹತ್ತಿರ ಇಟ್ಟುಕೊಳ್ಳುವುದು. ಒಬ್ಬಳನ್ನೇ ಹೊರಗೆ ಬಿಡದಿರುವುದು. ಮನೆಯವರ ಜೊತೆ ಮಾತನಾಡಲು ಬಿಡದಿರುವುದು. ವಾರದ ರಜೆ ಕೊಡದಿರುವುದು.

ಅವಳು ಒರೆಸುವ ಬಟ್ಟೆ ಬಕೆಟ್ಟಿಗೆ ಹಾಕಿ, ಒದ್ದೆ ಬೆರಳು ಒಂದೊಂದೇ ಮಡಿಸುತ್ತ ಕೇಳಿಸಿಕೊಂಡಳು. “ಇದನ್ನ ಬರೆದವರು ಏಳನೇ ಮಹಡಿಗೆ ಬಂದಿದ್ದರಾ ದೀದಿ?”

“ಯಾಕೆ?”

“ಐದಕ್ಕೆ ಐದೂ ಅಲ್ಲೇ ಇದೆ.” ಆಮೇಲೆ ಬಟ್ಟೆ ಹಿಂಡುತ್ತ, ಜಗಳದ ದನಿಯೇನೂ ಇಲ್ಲದೆ, “ರಜೆ ಇಲ್ಲಿ ನನಗೂ ಇಲ್ಲವಲ್ಲ,” ಎಂದಳು.

ನಾನು ಕಾಲು ಇಳಿಸಿದೆ. ನೆಲ ಇನ್ನೂ ಒಣಗಿರಲಿಲ್ಲ. “ಇನ್ನೊಂದು ನಿಮಿಷ ಎತ್ತಿ,” ಎಂದಳು.

ಏಳನೇ ಮಹಡಿಯಾಕೆಯನ್ನು ನಮ್ಮ ಸೊಸೈಟಿಯಲ್ಲಿ ಎಲ್ಲರೂ ಬಲ್ಲರು. ಮೂವತ್ತೈದರ ಆಸುಪಾಸಿನ ಚುರುಕು ಹೆಂಗಸು. ಮನೆ ಒಪ್ಪ ಮಾಡುವುದು, ಹಬ್ಬಕ್ಕೆ ಬಾಗಿಲು ಸಿಂಗರಿಸುವುದು, ಇವುಗಳ ವೀಡಿಯೊ ಮಾಡಿ ಹಾಕುತ್ತಿದ್ದಳು. ನೋಡುವವರು ಅಷ್ಟಕ್ಕಷ್ಟೇ ಇದ್ದರು. ಆಮೇಲೊಮ್ಮೆ ಮನೆಯಲ್ಲೇ ಇದ್ದು ಕೆಲಸ ಮಾಡುವ ಹುಡುಗಿಯ ಹುಟ್ಟುಹಬ್ಬಕ್ಕೆ ಕೇಕ್ ತರಿಸಿ, ಅದರ ವೀಡಿಯೊ ಹಾಕಿದಳು. “ಕೆಲಸದವಳು ಅನ್ನಬೇಡಿ. ಇವಳು ನಮ್ಮ ಮನೆಮಗಳು,” ಎಂದು ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದಳು. ಅದು ಹುಚ್ಚೆದ್ದು ಓಡಿತು. ಆಮೇಲೆ ಮನೆಮಗಳಿಗೆ ಹೊಸ ಸಲ್ವಾರ್, ಮನೆಮಗಳಿಗೆ ಮೊದಲ ಪಿಜ್ಜಾ, ಮನೆಮಗಳ ಜೊತೆ ಕುಣಿತ, ಹೀಗೆ ಸಾಲುಸಾಲು. ಬಾಗಿಲ ಸಿಂಗಾರದ ಕಡೆ ಆಕೆ ಮತ್ತೆ ಹೋಗಲೇ ಇಲ್ಲ.

ಕೇಕಿನ ವೀಡಿಯೊ ನನಗೆ ತೋರಿಸಿದ್ದು ನನ್ನ ಮಗಳು. “ಅಮ್ಮಾ, ಎಷ್ಟು ಸ್ವೀಟ್ ಹೈ ನಾ!” ಎಂದಿದ್ದಳು. ನಾನು ನೋಡಿ ಹೃದಯದ ಚಿಹ್ನೆ ಒತ್ತಿದ್ದೆ. ಇದನ್ನು ಈಗಲೇ ಹೇಳಿಬಿಡುವುದು ವಾಸಿ.

ನಮ್ಮ ಕೆಲಸದಾಕೆಗೆ ಗೊತ್ತಿದ್ದದ್ದು ಬೇರೆ. ಏಳನೇ ಮಹಡಿಯ ಪಕ್ಕದ ಫ್ಲಾಟಿನಲ್ಲೂ ಅವಳು ಕೆಲಸ ಮಾಡುತ್ತಿದ್ದಳು. ಎರಡು ಮನೆಗಳ ಅಡುಗೆಮನೆಯ ಬಾಲ್ಕನಿ ಒಂದಕ್ಕೊಂದು ತಾಗಿಕೊಂಡಿವೆ. ಬಟ್ಟೆ ಹರವುವಾಗ ಇಬ್ಬರೂ ತಮ್ಮ ಕಡೆಯ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹುಡುಗಿಗೆ ಇಪ್ಪತ್ತು ವರ್ಷ. ಏಜೆಂಟನೊಬ್ಬ ತಂದುಬಿಟ್ಟು ಹೋಗಿದ್ದ. ಆ ಮನೆಯವರು ಹೊರಗೆ ಹೋಗುವಾಗ ಹೊರಗಿನಿಂದ ಬೀಗ. ಫೋನ್ ಮೇಡಂ ಬೀರುವಿನಲ್ಲಿ, ಕೆಟ್ಟ ಸಹವಾಸ ಆಗಬಾರದೆಂದು. ಕೇಕು ಹುಡುಗಿಗೆ ಸಿಕ್ಕಿದ್ದು ಕ್ಯಾಮೆರಾ ಮುಂದೆ ಬಾಯಿಗಿಟ್ಟ ತುಂಡು ಮಾತ್ರ. ಉಳಿದದ್ದು ಸಂಜೆ ಬಂದ ನೆಂಟರಿಗೆ. ಅಂದು ಅವಳ ಹುಟ್ಟುಹಬ್ಬವೂ ಆಗಿರಲಿಲ್ಲವಂತೆ.

ಅಂದು ಮಧ್ಯಾಹ್ನ ಆ ವೀಡಿಯೊಗಳನ್ನು ಮತ್ತೆ ನೋಡಿದೆ. ಈ ಸಲ ಹುಡುಗಿಯನ್ನು ಮಾತ್ರ ನೋಡಿದೆ. ಪ್ರತಿ ಮಾತಿಗೆ ಮುಂಚೆ ಅವಳ ಕಣ್ಣು ಒಮ್ಮೆ ಕ್ಯಾಮೆರಾ ಹಿಡಿದವರ ಕಡೆ ಹೋಗುತ್ತಿತ್ತು. ಪಾಠ ಒಪ್ಪಿಸುವ ಮಕ್ಕಳು ಟೀಚರ ಮುಖ ನೋಡುತ್ತಾರಲ್ಲ, ಹಾಗೆ. ವರ್ಷಗಟ್ಟಲೆ ಪಾಠ ಒಪ್ಪಿಸಿಕೊಂಡ ನನಗೆ ಅದು ಮೊದಲ ಸಲಕ್ಕೇ ಕಾಣಬೇಕಿತ್ತು.

ದೂರು ಕೊಡೋಣ ಎಂದು ಹೊರಟೆ. ದಾರಿ ನನಗೆ ಗೊತ್ತಿದ್ದದ್ದೇ. ಆ ದಾರಿಯ ಒಂದೊಂದು ಮೈಲಿಗಲ್ಲನ್ನೂ ಬರೆದವಳು ನಾನು. ‘ವರದಿ ಮಾಡಿ’ ಒತ್ತಿದೆ. ‘ನನಗೆ ಇದು ಇಷ್ಟವಾಗಲಿಲ್ಲ’, ‘ಇದು ವಂಚನೆ’, ‘ಇದು ನಗ್ನತೆ’ ಇವನ್ನೆಲ್ಲ ದಾಟಿ ಮೂರನೇ ಪರದೆಯ ತಳದಲ್ಲಿ ‘ಗೃಹ ಅಧೀನತೆ’ ಸಿಕ್ಕಿತು. ಒಂದು ಕ್ಷಣ ಅದರ ಅರ್ಥ ನನಗೇ ಹೊಳೆಯಲಿಲ್ಲ.

ಎರಡು ದಿನಕ್ಕೆ ಉತ್ತರ ಬಂತು: ‘ನಮ್ಮ ಸಮುದಾಯವನ್ನು ಸುರಕ್ಷಿತವಾಗಿಡಲು ನೆರವಾದದ್ದಕ್ಕೆ ಧನ್ಯವಾದಗಳು. ನೀವು ವರದಿ ಮಾಡಿದ ವೀಡಿಯೊವನ್ನು ಪರಿಶೀಲಿಸಿದ್ದೇವೆ. ಯಾವುದೇ ಉಲ್ಲಂಘನೆ ಕಂಡುಬಂದಿಲ್ಲ. ಆದರೂ ಇಂಥ ವಿಷಯ ನಿಮ್ಮ ಮನಸ್ಸಿಗೆ ನೋವು ತರಬಹುದು ಎಂಬುದು ನಮಗೆ ಅರ್ಥವಾಗುತ್ತದೆ.’

ವಾಕ್ಯಗಳು ನನ್ನವೇ. ಕೊನೆಯದನ್ನು ಕುದುರಿಸಲು ಅರ್ಧ ದಿನ ತಿಣುಕಿದ್ದು ನೆನಪಾಯಿತು. ಆ ಒಂದು ಸಾಲಿಗೆ ಮಾತ್ರ ಪರಿಶೀಲಕ ಹಸಿರು ಅಕ್ಷರದಲ್ಲಿ ‘ಆತ್ಮೀಯವಾಗಿದೆ’ ಎಂದು ಬರೆದಿದ್ದ. ನಿಜಕ್ಕೂ ಆತ್ಮೀಯವಾಗಿಯೇ ಇತ್ತು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ವೀಡಿಯೊಗಳನ್ನು ಮತ್ತೆ ಮತ್ತೆ ನೋಡಿದ್ದರಿಂದ ನನಗೆ ಕೆಲಸದವರು ಬೇಕಾಗಿದ್ದಾರೆಂದು ಫೋನ್ ತೀರ್ಮಾನಿಸಿತು. ತೆರೆದಾಗಲೆಲ್ಲ ಒಂದು ಜಾಹೀರಾತು ಬರತೊಡಗಿತು. ಇಪ್ಪತ್ತನಾಲ್ಕು ಗಂಟೆ ಮನೆಯಲ್ಲೇ ಇರುವ ಹುಡುಗಿಯರು, ಮೃದು ಸ್ವಭಾವದವರು, ಸರಿಹೋಗದಿದ್ದರೆ ತಿಂಗಳೊಳಗೆ ಬದಲಿಸಿಕೊಡಲಾಗುವುದು. ನಮ್ಮ ಮಿಕ್ಸಿಗೂ ಇಷ್ಟು ಒಳ್ಳೆಯ ಭರವಸೆ ಸಿಕ್ಕಿರಲಿಲ್ಲ. ಅದನ್ನೂ ವರದಿ ಮಾಡಿದೆ. ಅದರಲ್ಲೂ ಉಲ್ಲಂಘನೆ ಕಂಡುಬರಲಿಲ್ಲ.

ಸಿಟ್ಟಿನಲ್ಲಿ ನನ್ನ ಖಾತೆಯಲ್ಲೇ ನಾಲ್ಕು ಸಾಲು ಬರೆದೆ. ಯಾರ ಹೆಸರನ್ನೂ ಹೇಳಲಿಲ್ಲ. ಮಗಳು ಎಂದು ಕರೆದು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದಕ್ಕೆ ಕನ್ನಡದಲ್ಲಿ ಜೀತ ಎಂಬ ಪದವಿದೆ ಎಂದು ಬರೆದೆ. ಸಂಜೆಯೊಳಗೆ ಅದನ್ನು ತೆಗೆದುಹಾಕಿದರು. ನನ್ನ ಬರಹ ಇತರರಿಗೆ ಕಿರುಕುಳ ಎನಿಸಬಹುದಂತೆ. ಮನೆಯವರಿಗೆ ತೋರಿಸಿದೆ. ಅವರು ಕೆಮ್ಮು ಬರುವಷ್ಟು ನಕ್ಕರು.

“ನೀನೇ ಬರೆದ ಕಾನೂನಿಗೆ ನೀನೇ ಸಿಕ್ಕಿಬಿದ್ದೆಯಲ್ಲೇ! ಇದಕ್ಕೆಲ್ಲ ಪ್ರಾಪರ್ ಚಾನೆಲ್ ಅಂತ ಇರುತ್ತೆ,” ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ನೋಡಲು ಹೋದರು. ಅರ್ಧ ಗಂಟೆಯಲ್ಲಿ ತಿರುಗಿ ಬಂದರು.

“ಏನಂದರು ರೀ?”

“ಆ ಮನೆಯವರ ವೀಡಿಯೊ ನೋಡಿಲ್ವಾ ಸಾಬ್, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದಾರೆ ಅಂತ ನನಗೇ ತೋರಿಸಿದ.” ಶೂ ಬಿಚ್ಚುತ್ತ ಮತ್ತೆ ಹೇಳಿದರು: “ಅವನ ಹೆಂಡತಿಯೂ ಹೃದಯ ಒತ್ತಿದ್ದಾಳೆ.”

ಹಾಗಾದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಮರುದಿನ ನಮ್ಮ ಕೆಲಸದಾಕೆಗೆ ಹೇಳಿದೆ. ಅವಳು ತಲೆಯಾಡಿಸಿದಳು.

“ಪೊಲೀಸ್ ಬಂದರೆ ಮೊದಲು ಅವಳ ಪೆಟ್ಟಿಗೆ ತೆಗೆಸ್ತಾರೆ ದೀದಿ. ಪೆಟ್ಟಿಗೇಲಿ ಏನು ಸಿಗಬೇಕು ಅನ್ನೋದು ಮೇಡಂ ಕೈಯಲ್ಲಿರುತ್ತೆ. ಸ್ವಲ್ಪ ತಡೀರಿ. ಅವಳ ಕಡೆಯವರು ಯಾರಾದರೂ ಮೊದಲು ಬರಲಿ.”

“ಎಲ್ಲಿಂದ ಬರುತ್ತಾರೆ? ಅವರಿಗೆ ಇವಳು ಎಲ್ಲಿದ್ದಾಳೆ ಅಂತ ಹೇಗೆ ಗೊತ್ತಾಗಬೇಕು?”

ಅವಳು ಸೆರಗಿನ ತುದಿಯಿಂದ ಕೈ ಒರೆಸಿಕೊಂಡು, ಗಾಜು ಬಿರುಕು ಬಿಟ್ಟ ತನ್ನ ಫೋನ್ ತೆಗೆದು ಒಂದು ಚಿತ್ರ ತೋರಿಸಿದಳು. ಪಿಜ್ಜಾದ ವೀಡಿಯೊ ಕೆಳಗೆ ಯಾರೋ ಹಿಂದಿಯಲ್ಲಿ ಬರೆದಿದ್ದರು: ‘ಇವಳು ನಮ್ಮ ಊರಿನ ಹುಡುಗಿ. ಒಂದೂವರೆ ವರ್ಷದಿಂದ ಫೋನಿಲ್ಲ. ದಯವಿಟ್ಟು ತಾಯಿಗೆ ಒಂದು ಫೋನ್ ಮಾಡಿಸಿ.’ ಮೇಡಂ ಹತ್ತು ನಿಮಿಷದಲ್ಲಿ ಅದನ್ನು ಅಳಿಸಿದ್ದಳು. ನಮ್ಮ ಕೆಲಸದಾಕೆ ಅಷ್ಟರೊಳಗೆ ಅದರ ಫೋಟೊ ಹಿಡಿದಿಟ್ಟುಕೊಂಡಿದ್ದಳು. ನಾನು ಅದೇ ವೀಡಿಯೊವನ್ನು ಆರು ಸಲ ನೋಡಿದ್ದೆ. ಕೆಳಗಿನ ಮಾತುಗಳನ್ನು ಓದುವ ಗೋಜಿಗೇ ಹೋಗಿರಲಿಲ್ಲ. ಹೃದಯಗಳ ರಾಶಿಯಲ್ಲಿ ಓದುವುದೇನಿದೆ ಎಂದುಕೊಂಡಿದ್ದೆ.

ಬರೆದವಳು ಹುಡುಗಿಯ ಊರಿನ ಅಂಗನವಾಡಿ ಶಿಕ್ಷಕಿ. ಅವಳಿಗೂ ಪಿಜ್ಜಾದ ವೀಡಿಯೊ ಎಲ್ಲರಿಗೆ ಬಂದಂತೆಯೇ ತಾನಾಗಿ ಬಂದಿತ್ತು. ನೋಡಿದವಳೇ ಫೋನ್ ಹಿಡಿದುಕೊಂಡು ಹುಡುಗಿಯ ತಾಯಿಯ ಮನೆಗೆ ಓಡಿದ್ದಳಂತೆ. ನಮ್ಮ ಕೆಲಸದಾಕೆಗೆ ಅಕ್ಷರ ಬರೆಯುವುದು ಕಷ್ಟ. ಫೋನಿಗೆ ಬಾಯಿ ಹತ್ತಿರ ತಂದು ತಮ್ಮ ಭಾಷೆಯಲ್ಲಿ ಸೊಸೈಟಿಯ ಹೆಸರು, ಟವರು, ಮಹಡಿ, ನಮ್ಮ ಫ್ಲಾಟ್ ನಂಬರು, ಮೆಟ್ರೊ ಇಳಿಯುವ ಜಾಗ ಎಲ್ಲ ಆ ಶಿಕ್ಷಕಿಗೆ ಹೇಳಿ ಕಳಿಸಿದ್ದಳು. ಅಂದರೆ ನಾನು ಉಲ್ಲಂಘನೆ ಹುಡುಕುತ್ತ ಕೂತಿದ್ದ ಹೊತ್ತಿಗೆ ಅಲ್ಲಿಂದ ತಾಯಿ, ಶಿಕ್ಷಕಿ ಇಬ್ಬರೂ ರೈಲು ಹತ್ತಿಯಾಗಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೇಟಿನಿಂದ ಇಂಟರ್‌ಕಾಮ್ ಬಂತು.

“ಮೇಡಂ, ಇಬ್ಬರು ಹೆಂಗಸರು ಬಂದಿದ್ದಾರೆ. ಏಳನೇ ಮಹಡಿಗೆ ಅಂದರು, ಆ ಮನೆಯವರು ಗೇಟಿನ ಆ್ಯಪಿನಲ್ಲಿ ಬೇಡ ಅಂತ ಒತ್ತಿಬಿಟ್ಟರು. ಈಗ ನಿಮ್ಮ ಫ್ಲಾಟ್ ನಂಬರ್ ಹೇಳ್ತಿದ್ದಾರೆ,” ಎಂದ ಗಾರ್ಡ್.

“ನಮ್ಮ ಮನೆಗೇ. ಕಳಿಸಿ ಭಯ್ಯಾ.”

“ಆ್ಯಪಿನಲ್ಲಿ ಏನಂತ ಹಾಕಲಿ? ಮೇಡ್, ಡೆಲಿವರಿ, ಗೆಸ್ಟ್?”

“ಗೆಸ್ಟ್.”

“ಪಕ್ಕಾ ಗೆಸ್ಟಾ?” ಎಂದು ಇನ್ನೊಮ್ಮೆ ಕೇಳಿದ. ಅವನ ತಪ್ಪಲ್ಲ. ಸವೆದ ಚಪ್ಪಲಿ ಹಾಕಿಕೊಂಡ ಗೆಸ್ಟುಗಳು ನಮ್ಮ ಸೊಸೈಟಿಗೆ ಬಂದದ್ದು ಕಡಿಮೆ.

ತಾಯಿ ಸಣ್ಣ ಆಳು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರ ತುಂಬ ಅವಲಕ್ಕಿ. ಚಹ ಕುಡಿಯಲಿಲ್ಲ, ಕೂರಲೂ ಇಲ್ಲ. “ಮೇಲೆ ಯಾವ ಕಡೆ?” ಎಂದಷ್ಟೇ ಕೇಳಿದಳು. ಮನೆಯವರು ಒಳಗೆ ಹೋಗಿ ರೆಜಿಮೆಂಟಿನ ಬ್ಯಾಡ್ಜಿರುವ ಬ್ಲೇಜರ್ ಹಾಕಿಕೊಂಡು ಬಂದರು. ಆ ಸೆಕೆಯಲ್ಲಿ ಬ್ಲೇಜರ್ ಯಾಕೆಂದು ಕೇಳಬೇಕೆನಿಸಿತು, ಬದಲಿಗೆ ಅವರ ಕಾಲರ್ ಸರಿಮಾಡಿದೆ. ನಮ್ಮ ಕೆಲಸದಾಕೆಯೂ ಸೇರಿ ನಾವು ಐದು ಜನ ಏಳನೇ ಮಹಡಿಗೆ ಹೋದೆವು.

ಮೇಡಂ ಬಾಗಿಲು ತೆಗೆದವಳೇ ನಮ್ಮನ್ನು ನೋಡಿ ಫೋನ್ ಎತ್ತಿ ರೆಕಾರ್ಡ್ ಮಾಡತೊಡಗಿದಳು.

“ಮಾಡಿ ಬೇಟಾ, ಒಳ್ಳೇದೇ,” ಎಂದರು ನಮ್ಮವರು ಹಿಂದಿಯಲ್ಲಿ. “ನಮಗೂ ಒಂದು ಕಾಪಿ ಕೊಡಿ.”

ತಾಯಿ ಯಾರ ಮಾತಿಗೂ ಕಾಯಲಿಲ್ಲ. ಹೊಸ್ತಿಲಲ್ಲೇ ನಿಂತು ಮಗಳನ್ನು ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿದಳು. ಹುಡುಗಿ ಅಡುಗೆಮನೆಯಿಂದ ಬಂದಳು. ಎರಡೂ ಕೈಯಲ್ಲಿ ಚಪಾತಿ ಹಿಟ್ಟು ಮೆತ್ತಿಕೊಂಡಿತ್ತು. ತಾಯಿಯನ್ನು ನೋಡಿ ನಿಂತಲ್ಲೇ ನಿಂತುಬಿಟ್ಟಳು.

“ಹೇಳು,” ಎಂದಳು ಮೇಡಂ, ಫೋನನ್ನು ಅವಳ ಕಡೆ ತಿರುಗಿಸಿ. “ನಿನಗೆ ಇಲ್ಲಿ ಏನು ಕಡಿಮೆಯಾಗಿದೆ? ಮಗಳ ಥರ ನೋಡಿಕೊಂಡಿಲ್ಲವಾ?”

ಹುಡುಗಿಯ ಕಣ್ಣು ಫೋನಿನ ಕಡೆ ಹೋಯಿತು. ಮುಖದ ಮೇಲೆ ವೀಡಿಯೊಗಳಲ್ಲಿದ್ದ ಅದೇ ನಗು ಬಂತು. “ಹೌದು ಮೇಡಂ, ಮಗಳ ಥರಾನೇ,” ಎಂದಳು.

ಏಳನೇ ಮಹಡಿಯಾಕೆ ನಮ್ಮ ಕಡೆ ನೋಡಿದಳು. ನಾನು ಇನ್ನೂ ಸರಿಯಾದ ಪದ ಹುಡುಕುತ್ತಿದ್ದೆ. ಮಾತನ್ನೇ ಕಸುಬು ಮಾಡಿಕೊಂಡವಳು ನಾನು. ತಾಯಿ ಮಾತ್ರ, “ಸರಿ, ಚಲ್,” ಎಂದು ಕೈ ಚಾಚಿದಳು.

ಹುಡುಗಿ ಆ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. “ಮೇಡಂ, ಹಿಟ್ಟು ಮುಚ್ಚಿಡಲಾ?” ಎಂದು ಕೇಳಿದಳು. ತಾನೇ ಒಳಗೆ ಹೋಗಿ ಮುಚ್ಚಿಟ್ಟು, ಕೈ ತೊಳೆದುಕೊಂಡು, ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದಳು. ಬೀರುವಿನಲ್ಲಿದ್ದ ಆಧಾರ್ ಕಾರ್ಡು, ಫೋನು ನಾಳೆ ಕೊಡುತ್ತೇನೆ ಎಂದಳು ಮೇಡಂ. ಸಂಬಳದ ವಿಷಯ ಏಜೆಂಟನ ಹತ್ತಿರ ಕೇಳಿಕೊಳ್ಳಬೇಕಂತೆ. ನಮ್ಮವರು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲಿನ ಮೇಲೆ ಕೂತು, “ಅವಸರವಿಲ್ಲ, ಕಾಯ್ತೇವೆ,” ಎಂದರು. ಮೊಣಕಾಲು ನೋವಿನವರು, ಎದ್ದು ನಿಲ್ಲಲು ಹೇಗೂ ಹೊತ್ತು ಬೇಕಿತ್ತು. ಕಾರ್ಡು ಮತ್ತು ಫೋನು ಇಪ್ಪತ್ತು ನಿಮಿಷಕ್ಕೆ ಬಂದವು. ಸಂಬಳ ಬರಲಿಲ್ಲ. ಏಜೆಂಟನ ಫೋನ್ ಅಂದಿನಿಂದ ಇಂದಿನವರೆಗೂ ಸ್ವಿಚ್ ಆಫ್.

ನಮ್ಮ ಮನೆಯಲ್ಲಿ ಊಟಕ್ಕೆ ಕೂರಿಸಿದರೆ ಹುಡುಗಿ ಕುರ್ಚಿಯ ಮೇಲೆ ಕೂರಲೊಲ್ಲಳು. ತಾಯಿ ಗದರಿದ ಮೇಲೆ ತುದಿಯಲ್ಲಿ ಕೂತು ಬೇಗಬೇಗ ಉಂಡಳು. ಎದ್ದವಳೇ ನಮ್ಮೆಲ್ಲರ ತಟ್ಟೆ ಎತ್ತಲು ಬಂದಳು. ನಮ್ಮ ಕೆಲಸದಾಕೆ ಅವಳ ಕೈ ಹಿಡಿದು ನಿಲ್ಲಿಸಿ, “ಬಿಡು, ಇದು ನನ್ನ ಮನೆ,” ಎಂದಳು. ಆ ಮಾತನ್ನು ಅವಳು ಯಾವ ಅರ್ಥದಲ್ಲಿ ಆಡಿದಳೋ. ನನಗೆ ಹಿತವೂ ಆಯಿತು, ಚುಚ್ಚಿತು ಕೂಡ. ಅಂದು ಅವಳು ಉಳಿದ ಮನೆಗಳಿಗೆ ಹೋಗದೆ ಅವರನ್ನು ಸ್ಟೇಷನ್‌ವರೆಗೂ ಬಿಟ್ಟುಬಂದಳು. ಒಂದು ಮನೆಯವರು ಮರುದಿನವೇ ಅವಳನ್ನು ಬಿಡಿಸಿದರು.

ಸಂಜೆಗೆ ಏಳನೇ ಮಹಡಿಯಿಂದ ಹೊಸ ವೀಡಿಯೊ ಬಂತು. ಕಣ್ಣೀರು ಒರೆಸಿಕೊಳ್ಳುತ್ತ ಮೇಡಂ, ಮಗಳೆಂದು ನಂಬಿದವಳು ಹೇಳದೆ ಕೇಳದೆ ಬಿಟ್ಟುಹೋದಳೆಂದೂ, ಇನ್ನು ಮೇಲೆ ಯಾರನ್ನಾದರೂ ಪ್ರೀತಿಸುವ ಮೊದಲು ಯೋಚಿಸುವುದಾಗಿಯೂ ಹೇಳಿದಳು. ರೆಕಾರ್ಡ್ ಮಾಡಿದ್ದರಲ್ಲಿ ‘ಮಗಳ ಥರಾನೇ’ ಎಂಬ ಭಾಗವನ್ನು ಮಾತ್ರ ಕತ್ತರಿಸಿ ಸೇರಿಸಿದ್ದಳು. ಕೇಕಿನದಕ್ಕಿಂತ ಅದು ಹೆಚ್ಚು ಓಡಿತು. ಸಾಂತ್ವನದ ಮಾತುಗಳು ಸಾವಿರಗಟ್ಟಲೆ. ಈ ಸಲ ನಾನು ಅವನ್ನೆಲ್ಲ ಓದಿದೆ. ಅಂಗನವಾಡಿಯವಳೂ ಏನೋ ಬರೆದಿದ್ದಳಂತೆ, ನಾನು ನೋಡುವ ಹೊತ್ತಿಗೆ ಅದಿರಲಿಲ್ಲ.

ಆ ವಾರ ನಮ್ಮ ಕೆಲಸದಾಕೆಗೆ ಭಾನುವಾರ ರಜೆ ಎಂದು ಹೇಳಿದೆ. ಆರು ವರ್ಷದಿಂದ ಯಾಕೆ ತೋಚಲಿಲ್ಲ ಎಂದು ಅವಳು ಕೇಳಲಿಲ್ಲ. ಮೊದಲ ಭಾನುವಾರ ಅವಳು ತನ್ನ ಝುಗ್ಗಿ ಗುಡಿಸಲಿನಲ್ಲಿ ಮಧ್ಯಾಹ್ನದವರೆಗೂ ಮಲಗಿದಳಂತೆ. ಎರಡನೆಯ ಭಾನುವಾರ ಎದುರು ಟವರಿನಲ್ಲಿ ಒಂದು ಮನೆ ಹಿಡಿದಳು, ಕೈತಪ್ಪಿದ ಮನೆಯ ಬದಲಿಗೆ. ನಾನು ತಟ್ಟೆ ತೊಳೆಯುತ್ತ ಅಡುಗೆಮನೆ ಕಿಟಕಿಯಿಂದ ನೋಡಿದರೆ, ಎದುರಿನ ಬಾಲ್ಕನಿಯಲ್ಲಿ ಯಾರದೋ ಕಾರ್ಪೆಟ್ ಕೊಡವುತ್ತಿದ್ದಳು. ನನ್ನನ್ನು ಕಂಡು ಕೈ ಬೀಸಿದಳು.

ತಿಂಗಳ ಮೇಲೆ ಲಿಫ್ಟಿನಲ್ಲಿ ಏಳನೇ ಮಹಡಿಯಾಕೆ ಸಿಕ್ಕಿದಳು. ಇಬ್ಬರೇ ಇದ್ದೆವು. ಹಿಂದಿನದೇನೂ ನಡೆದೇ ಇಲ್ಲವೆಂಬಂತೆ ನಕ್ಕಳು. ದಣಿದಿದ್ದಳು, ಕೈಬೆರಳು ಸೋಪಿಗೆ ಸುಲಿದಿದ್ದವು.

“ಆಂಟಿ, ಎಷ್ಟು ಕಷ್ಟ ಆಗಿದೆ ಗೊತ್ತಾ? ಯಾರೂ ಸಿಗ್ತಿಲ್ಲ. ನಿಮ್ಮವಳ ಕಡೆಯವರು ಯಾರಾದರೂ ಇದ್ದರೆ ಹೇಳಿ ಪ್ಲೀಸ್. ಒಳ್ಳೆಯವರಾಗಿರಲಿ, ಮನೆಯವರ ಥರ.”

ಬೇರೆ ಏನಾದರೂ ಹೇಳಬೇಕಿತ್ತು. ಐದನೇ ಮಹಡಿ ಬರುವಷ್ಟರಲ್ಲಿ ನನ್ನ ಬಾಯಿಂದ ಬಂದದ್ದು, “ಅಚ್ಛಾ, ಕೇಳ್ತೀನಿ.”

ಮನೆಗೆ ಬಂದು ನಾಚಿಕೆಯಿಂದಲೇ ನಮ್ಮ ಕೆಲಸದಾಕೆಗೆ ಹೇಳಿದೆ. ಅವಳು ಬಾಣಲೆ ತಿಕ್ಕುವುದು ನಿಲ್ಲಿಸಿ, ಬೇಸಿನ್ ಹಿಡಿದುಕೊಂಡು ನಕ್ಕಳು.

“ಎಂಟೂ ಟವರಿಗೆ ಹೇಳಿಯಾಗಿದೆ ದೀದಿ. ಗಾರ್ಡ್‌ಗಳಿಗೂ, ಇಸ್ತ್ರಿಯವನಿಗೂ. ಪಕ್ಕದ ಸೊಸೈಟಿಯವರೂ ಬರಲ್ಲ.”

“ಯಾರು ಹೇಳಿದರು?”

“ನಾವೇ. ಬಾಯಿಂದ,” ಎಂದು ನಲ್ಲಿ ತಿರುಗಿಸಿದಳು.